ಸೋಫಾ ಮೇಲೆ ಕೂರುವ ಮುನ್ನ

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಜರ್ಮನಿಯ ಕೈಸರ್ಸ್‌ಲೌಟರ್ನ್‌ನಲ್ಲಿ ಇಬ್ಬರು, ಟೆಕ್ಸಾಸ್‌ನಲ್ಲಿ ಒಬ್ಬಳು, ನಡುವೆ ವಾಟ್ಸಾಪ್. ಊರಿನ ಹೆಸರಿಗೆ ನಾಲಿಗೆ ಹೊರಳದ ಅಮೆರಿಕನ್ನರು ಅದನ್ನು ‘ಕೆ-ಟೌನ್’ ಅಂತ ಕತ್ತರಿಸಿಟ್ಟಿದ್ದಾರೆ. ಪಕ್ಕದ ರಾಮ್‌ಸ್ಟೈನ್ ವಾಯುನೆಲೆ, ಲಾಂಡ್‌ಸ್ಟೂಲ್ ಸೇನಾ ಆಸ್ಪತ್ರೆ, ಸುತ್ತಲಿನ ಬ್ಯಾರಕ್ಕುಗಳು ಎಲ್ಲ ಸೇರಿದರೆ ಅಮೆರಿಕದ ಹೊರಗೆ ಅಮೆರಿಕನ್ ಸೇನೆಯ ಅತಿದೊಡ್ಡ ಸಂಸಾರ ಇದೇ.

ಹರಟೆಗೆ ಕೂತವರ ಪರಿಚಯ ಹೇಳಿಬಿಡೋಣ. ಮಂಗಳೂರಿನವರು ಫೈಲಕ್ಕ, ಯಾವ ಕಾಗದಕ್ಕೂ ಮೂರು ಜೆರಾಕ್ಸ್ ಇಲ್ಲದೆ ಮನೆಯಿಂದ ಹೊರಡುವವರಲ್ಲ. ಧಾರವಾಡದವರು ಲೆಕ್ಕದಣ್ಣ, ಹೆಂಡತಿ ವಾಯುಸೇನೆಯಲ್ಲಿ ಸಾರ್ಜೆಂಟ್, ಸರ್ಕಾರಿ ಕಡತದಲ್ಲಿ ಇವರು ‘ಡಿಪೆಂಡೆಂಟ್’, ಅಂದರೆ ಅವಲಂಬಿತ. ಮೀಸೆ ತಿರುವುತ್ತಲೇ ಆ ಖಾನೆಗೆ ಟಿಕ್ ಹಾಕುತ್ತಾರೆ. ಟೆಕ್ಸಾಸ್‌ನಲ್ಲಿ ಪೆಟ್ಟಿಗೆ ಕಟ್ಟುತ್ತಿರುವವಳು ಮೈಸೂರಿನ ಪುಟ್ಟಿ, ಓದಿದ್ದು ಎಂ.ಕಾಂ., ಕೈಯಲ್ಲಿ ಗ್ರೀನ್ ಕಾರ್ಡ್, ಸೇನೆಯಲ್ಲಿರುವ ಗಂಡನಿಗೆ ಮೊನ್ನೆ ಜರ್ಮನಿಗೆ ವರ್ಗ.

“ಅಕ್ಕಾ, ನಂದು ಒಂದು ಪ್ಲಾನು,” ಅಂದಳು ಪುಟ್ಟಿ. “ಬೇಸ್ ಒಳಗಿನ ಕಮಿಸರಿಯಲ್ಲಿ, ಅದೇ ಸೇನೆಯವರ ಕಿರಾಣಿ ಅಂಗಡಿಯಲ್ಲಿ, ಬೆಣ್ಣೆ, ಹಿಟ್ಟು ಎಲ್ಲ ಜರ್ಮನ್ ತೆರಿಗೆ ಇಲ್ದೆ ಸಿಗತ್ತಂತೆ. ಚಕ್ಕುಲಿ ಮಾಡಿ ಜರ್ಮನ್ನರಿಗೆ ಮಾರ್ತೀನಿ. ದೂರದವರಿಗೆ ನಮ್ಮ ಮಿಲಿಟರಿ ಪೋಸ್ಟ್ ಡಬ್ಬಿಯಿಂದ ಪಾರ್ಸೆಲ್.”

“ಎಂತ ಮಾರಾಯ್ತಿ, ಮೂರು ವಾಕ್ಯದಲ್ಲಿ ನಾಲ್ಕು ಕೇಸು ಹಾಕಿಸಿಕೊಂಡೆಯಲ್ಲ!” ಫೈಲಕ್ಕ ಬೆರಳು ಮಡಚತೊಡಗಿದರು. “ಕಮಿಸರಿ ಸಾಮಾನು ಮನೆಬಳಕೆಗೆ ಮಾತ್ರ. ಅದನ್ನು ಮಾರಿದ್ರೆ ಸುಂಕದವರ ಲೆಕ್ಕದಲ್ಲಿ ಕಳ್ಳಸಾಗಣೆ. ಮಿಲಿಟರಿ ಪೋಸ್ಟ್ ಉಂಟಲ್ಲ, ಎಪಿಓ, ಅದರಲ್ಲಿ ವ್ಯಾಪಾರದ ಪಾರ್ಸೆಲ್ ಹಾಕ್ಲಿಕ್ಕಿಲ್ಲ. ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಅಂಗಡಿ ನಡೆಸ್ಲಿಕ್ಕೆ ಕಮಾಂಡರನ ಲಿಖಿತ ಒಪ್ಪಿಗೆ ಬೇಕು. ಗೇಟಿನ ಹೊರಗಿನವರಿಗೆ ಮಾರಿದ್ರೆ ಜರ್ಮನ್ ವ್ಯಾಪಾರ ನೋಂದಣಿ, ಆಹಾರದ ನಿಯಮ, ತೆರಿಗೆ, ಎಲ್ಲ ಬಂತು.”

“ಹಂಗಾದ್ರ ಚಕ್ಕುಲಿಗಿಂತ ಫೈಲೇ ಉದ್ದ ಸುತ್ತತೈತಿ,” ಅಂದರು ಲೆಕ್ಕದಣ್ಣ.

“ಸರಿ, ಬೇರೆ ಕೆಲಸ ಹುಡುಕ್ತೀನಿ. ಎಲ್ಲಿಂದ ಶುರು ಮಾಡ್ಲಿ?”

“ಕೆಲಸದಿಂದ ಶುರು ಮಾಡೋದೇ ಅಲ್ಲ. ಗಂಡನ ವರ್ಗಾವಣೆ ಆರ್ಡರ್ ತೆಗಿ. ಅದರಲ್ಲಿ ನಿನ್ನ ಹೆಸರು ಉಂಟಾ?”

ಪುಟ್ಟಿ ಪುಟ ತಿರುಗಿಸಿದಳು. ಇರಲಿಲ್ಲ.

“ನೋಡು, ಇಲ್ಲೇ ಗಾಡಿ ಹೂತುಹೋಗೋದು. ಕುಟುಂಬ ಜೊತೆಗೆ ಬರ್ಲಿಕ್ಕೆ ಸೇನೆಯ ಒಪ್ಪಿಗೆ ಬೇಕು, ‘ಕಮಾಂಡ್ ಸ್ಪಾನ್ಸರ್‌ಶಿಪ್’ ಅಂತ ಅದಕ್ಕೆ ಹೆಸರು. ಮೊದಲು ನಿನ್ನ ವೈದ್ಯಕೀಯ ತಪಾಸಣೆ, ನಿನಗೆ ಬೇಕಾದ ಚಿಕಿತ್ಸೆ ಇಲ್ಲಿ ಸಿಗ್ತದಾ ಅಂತ ನೋಡ್ಲಿಕ್ಕೆ. ಆಮೇಲೆ ಮಂಜೂರಿ. ಆಮೇಲೆ ಹೆಸರಿರುವ ಹೊಸ ಆರ್ಡರ್. ಗಂಡನ ಇಲ್ಲಿಯ ಅವಧಿ ಕುಟುಂಬದ ಜೊತೆ ಅಂದ್ರೆ ಸಾಮಾನ್ಯವಾಗಿ 36 ತಿಂಗಳು, ಒಬ್ಬನೇ ಅಂದ್ರೆ 24. ಹೆಸರಿಲ್ಲದೆ ನೀನೇ ಟಿಕೆಟ್ ತೆಗೆದು ಬಂದ್ರೆ ಪ್ರಯಾಣದ ದುಡ್ಡಿಲ್ಲ, ಸಾಮಾನು ಸಾಗಾಣಿಕೆ ಇಲ್ಲ, ಕೆಲಸದ ಆದ್ಯತೆಗೆ ತೋರಿಸುವ ಕಾಗದವೂ ಇಲ್ಲ. ಹನಿಮೂನಿಗೆ ಬಂದ ಹಾಗೆ ಬಂದು ಮೂರು ವರ್ಷ ಪರದಾಡುವ ಕತೆ.”

“ಹೆಸರು ಬಂತು ಅಂದ್ಕೊಳ್ಳಿ. ಆಮೇಲೆ?”

“ಸೋಫಾ,” ಅಂದರು ಲೆಕ್ಕದಣ್ಣ.

“ಸೋಫಾ ಇದೆ ಅಣ್ಣ, ಲಾರಿಯಲ್ಲಿ ಕಳಿಸ್ತಿದೀವಿ. ಮೂರು ಸೀಟಿಂದು.”

ಫೈಲಕ್ಕ ನಕ್ಕು ನಕ್ಕು ಕೆಮ್ಮಿದರು. ಸೋಫಾ ಅಂದರೆ ‘ಸ್ಟೇಟಸ್ ಆಫ್ ಫೋರ್ಸಸ್ ಅಗ್ರಿಮೆಂಟ್’, 1951ರ ನ್ಯಾಟೋ ಒಪ್ಪಂದ. ಪರದೇಶದ ಸೇನೆ ಮತ್ತು ಅದರ ಮನೆಮಂದಿ ಆತಿಥೇಯ ನಾಡಿನಲ್ಲಿ ಯಾವ ನಿಯಮದಡಿ ಇರಬೇಕು ಅನ್ನುವುದರ ಕರಾರು. ಜರ್ಮನಿಗೆ ಅಂತಲೇ 1959ರಲ್ಲಿ ಒಂದು ಪೂರಕ ಒಪ್ಪಂದವೂ ಸೇರಿತು. ಪಾಸ್‌ಪೋರ್ಟಿನಲ್ಲಿ ಅದರ ಗುರುತು ಬಿದ್ದರೆ ಜರ್ಮನ್ ವಾಸದ ಪರವಾನಗಿ ಬೇಡ, ಪುರಸಭೆಯಲ್ಲಿ ವಿಳಾಸ ನೋಂದಾಯಿಸುವುದೂ ಬೇಡ.

“ಬ್ಯಾಡ ಅಂದ್ರ ಬ್ಯಾಡ, ತಂಗಿ,” ಲೆಕ್ಕದಣ್ಣನ ಧ್ವನಿ ಗಟ್ಟಿಯಾಯಿತು. “ಊರಿನವರೆಲ್ಲಾ ಮಾಡ್ತಾರ ಅಂತ ನೀನೂ ಹೋಗಿ ‘ಆನ್‌ಮೆಲ್ಡುಂಗ್’ ಅಂದ್ರ ವಿಳಾಸ ನೋಂದಣಿ ಮಾಡಿಸಬ್ಯಾಡ. ಒಪ್ಪಂದದ ಹತ್ತನೇ ಕಲಮು ಏನಂತೈತಿ? ಸೇನೆಯ ಕೆಲಸಕ್ಕಷ್ಟೇ ಬಂದವರನ್ನ ತೆರಿಗೆಗೆ ಇಲ್ಲಿಯ ನಿವಾಸಿ ಅಂತ ಹಿಡಿಯೂ ಹಂಗಿಲ್ಲ. ಆ ‘ಅಷ್ಟೇ’ ಅನ್ನೂ ಪದದ ಮ್ಯಾಲೆ ಎಲ್ಲಾ ನಿಂತೈತಿ. ಇಲ್ಲೇ ನೆಲೆಸೂ ಲಕ್ಷಣ ಕಂಡ್ರ, ಅಂದ್ರ ಮನಿ ಕೊಂಡದ್ದು, ಮತ್ತ ಮತ್ತ ಅವಧಿ ಮುಂದೂಡಿದ್ದು, ತೆರಿಗಿ ಕಚೇರಿಯವರು ‘ನೀವು ನಮ್ಮವರಲ್ಲವೇ’ ಅಂತ ಪತ್ರ ಹಾಕ್ತಾರ. ಅಷ್ಟು ಪ್ರೀತಿ ನಮಗ ತಡಕೊಳ್ಳಾಕ ಆಗೂದಿಲ್ಲ.”

“ನನ್ನ ಹತ್ರ ಇರೋದು ಇಂಡಿಯನ್ ಪಾಸ್‌ಪೋರ್ಟು, ಅಣ್ಣ.”

“ಹಾಗಾದ್ರೆ ಟಿಕೆಟ್ ಬುಕ್ ಆಗುವ ಮೊದಲೇ ಬೇಸಿನ ಪಾಸ್‌ಪೋರ್ಟ್ ಕಚೇರಿಯಲ್ಲಿ ನಿನ್ನ ಪ್ರಕರಣ ಬೇರೆಯೇ ಕೇಳು,” ಅಂದರು ಫೈಲಕ್ಕ. “ಉಳಿದವರ ಉತ್ತರ ನಿನಗೆ ಹೊಂದ್ಲಿಕ್ಕಿಲ್ಲ.”

ಇನ್ನು ಕೆಲಸ. ಸೈನಿಕರ ಸಂಗಾತಿಗೆ ಇಲ್ಲಿ ಇರುವುದು ಮೂರೇ ಬಾಗಿಲು: ಗೇಟಿನ ಒಳಗೆ, ಗೇಟಿನ ಹೊರಗೆ, ಮತ್ತು ಲ್ಯಾಪ್‌ಟಾಪ್. ಎಲ್ಲರೂ ಕಣ್ಣಿಡುವುದು ಮೂರನೆಯದರ ಮೇಲೆ. ಅನ್ನ ಸಿಗುವುದು ಹೆಚ್ಚಾಗಿ ಮೊದಲನೆಯದರಲ್ಲಿ.

“ಗೇಟಿನ ಒಳಗೆ ಅಂದ್ರೆ ಕಮಿಸರಿಯಲ್ಲಿ ಚೀಲ ತುಂಬೋ ಕೆಲಸನಾ?”

“ಆ ಕೆಲಸಕ್ಕ ಸಂಬಳನೇ ಇಲ್ಲ! ಗಿರಾಕಿ ಕೊಡೂ ಟಿಪ್ಸ್ ಅಷ್ಟೇ. ಅದಕ್ಕೇ ಸಾಮಾನು ಹೊತ್ತು ಕಾರಿನ ತನಕ ಬರ್ತಾರ. ಚಿಲ್ಲರೆ ಇಟ್ಕೊಂಡು ಹೋಗು.”

“ಅವನ ಮಾತು ಬಿಡು,” ಅಂದರು ಫೈಲಕ್ಕ. “ಸರ್ಕಾರಿ ಹುದ್ದೆಗಳು ಯುಎಸ್‌ಎ ಜಾಬ್ಸ್ ತಾಣದಲ್ಲಿ. ಅಲ್ಲಿ ಸಂಗಾತಿಗೆ ಆದ್ಯತೆ ಉಂಟು. ಅರ್ಜಿಗೆ ಹೆಸರಿರುವ ಆರ್ಡರ್, ಮದುವೆ ಪ್ರಮಾಣಪತ್ರ, ಅಂಕಪಟ್ಟಿ ಲಗತ್ತಿಸ್ಬೇಕು. ನಿನ್ನ ಎಂ.ಕಾಂ. ಇಂಡಿಯಾದ್ದಲ್ವಾ, ಅದು ಅಮೆರಿಕದ ಯಾವ ಪದವಿಗೆ ಸಮ ಅಂತ ಮೌಲ್ಯಮಾಪನ ಸಂಸ್ಥೆಯಿಂದ ವರದಿ ಈಗಲೇ ತರಿಸು. ವಿಶ್ವವಿದ್ಯಾಲಯದಿಂದ ಮೊಹರು ಮಾಡಿದ ಅಂಕಪಟ್ಟಿ ಬರ್ಲಿಕ್ಕೆ ಎಷ್ಟು ದಿನ ಅಂತ ನಾನು ಹೇಳುದಿಲ್ಲ, ನೀನೂ ಕನ್ನಡದವಳೇ.”

“ರೆಸ್ಯೂಮೆ ರೆಡಿ ಇದೆ. ಏಳು ಪುಟ.”

“ಐದು ಪುಟ ಹರಿ. 2025ರ ಸೆಪ್ಟೆಂಬರ್ ಕೊನೆಯಿಂದ ಎರಡೇ ಪುಟ. ಮೊದಲು ಉದ್ದ ಬರೆದವನೇ ಜಾಣ ಆಗಿದ್ದ, ಈಗ ಗಾದೆ ಬದಲಾಗಿದೆ. ಆದ್ರೆ ಪ್ರತಿ ಕೆಲಸಕ್ಕೂ ಶುರು ಆದ ತಿಂಗಳು-ವರ್ಷ, ಮುಗಿದ ತಿಂಗಳು-ವರ್ಷ, ವಾರಕ್ಕೆ ಎಷ್ಟು ಗಂಟೆ, ಇದು ಬಿಡ್ಬೇಡ. ಗಂಟೆ ಬರೆಯದಿದ್ರೆ ಅನುಭವ ಎಣಿಸ್ಲಿಕ್ಕೆ ಬರುದಿಲ್ಲ ಅಂತ ಪಕ್ಕಕ್ಕಿಡ್ತಾರೆ. ‘ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ’ ಅಂತ ಬರೆದ್ರೂ ಉಪಯೋಗ ಇಲ್ಲ. ಜಾಹೀರಾತಿನಲ್ಲಿ ಕೇಳಿದ ಅನುಭವ ನಿನ್ನ ಹಾಳೆಯಲ್ಲಿ ಕಣ್ಣಿಗೆ ಹೊಡೆಯಬೇಕು.”

“ಮತ್ತ ಗಡಿಯಾರ,” ಲೆಕ್ಕದಣ್ಣ ಎಚ್ಚರಿಸಿದರು. “ಅರ್ಜಿ ಮುಗಿಯೂದು ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 11:59ಕ್ಕ. ಇಲ್ಲಿ ಅದು ಮರುದಿನ ಬೆಳಿಗ್ಗೆ 5:59. ಮಾರ್ಚಿನ್ಯಾಗ ಎರಡು-ಮೂರು ವಾರ, ಅಕ್ಟೋಬರ್ ಕೊನಿಗೆ ಒಂದು ವಾರ, ಎರಡೂ ದೇಶದವರು ಬ್ಯಾರೆ ಬ್ಯಾರೆ ದಿನ ಗಡಿಯಾರ ತಿರುವ್ತಾರ, ಆವಾಗ 4:59. ಅಲಾರಂ ಆರಕ್ಕಿಟ್ಟು ಎದ್ದವರು ಕಾಫಿ ಕುಡಿದು ಮತ್ತ ಮಲಗಬಹುದು, ಅಷ್ಟ.”

ಆದ್ಯತೆಯ ವಿಷಯಕ್ಕೆ ಬಂದಾಗ ಫೈಲಕ್ಕ ಧ್ವನಿ ತಗ್ಗಿಸಿದರು, ಯಾರೋ ಕದ್ದು ಕೇಳುವ ಹಾಗೆ. ಅದು ಒಂದು ವರ್ಗಾವಣೆಗೆ ಒಂದು ಸಲ. ಅದರ ಬಲದಿಂದ ಬಂದ ಕಾಯಂ ಹುದ್ದೆ ಒಪ್ಪಿದರೂ ಮುಗಿಯಿತು, ಬೇಡ ಅಂದರೂ ಮುಗಿಯಿತು. ಸಿಕ್ಕ ಸಿಕ್ಕ ಹುದ್ದೆಗೆಲ್ಲ ಅರ್ಜಿ ಗುಜರಾಯಿಸುವವರು ಬೇಡದ ಕೆಲಸಕ್ಕೆ ಆಯ್ಕೆಯಾಗಿ, ಬೇಕಾದ ಕೆಲಸ ಬಂದಾಗ ಬರಿಗೈಯಲ್ಲಿ ಕೂರುತ್ತಾರೆ. ಒಂದು ಸಮಾಧಾನ: ಹೊರದೇಶದಲ್ಲಿ ಕುಟುಂಬದವರಾಗಿ 52 ವಾರ ಇಂಥ ಸರ್ಕಾರಿ ಕೆಲಸ ಮಾಡಿದರೆ, ಅಮೆರಿಕಕ್ಕೆ ಮರಳಿದ ಮೇಲೆ ಮೂರು ವರ್ಷ ಸ್ಪರ್ಧೆಯಿಲ್ಲದೆ ನೇಮಕವಾಗುವ ಅರ್ಹತೆ ಸಿಗುತ್ತದೆ. ಐವತ್ತೊಂದನೇ ವಾರಕ್ಕೆ ರಾಜೀನಾಮೆ ಬರೆಯುವವರಿಗೆ ದೇವರೇ ಗತಿ.

“ಬೇಗ ಸಿಗೋ ಕೆಲಸ ಯಾವುದಕ್ಕಾ?”

“ಸಿಡಿಸಿ, ಮಕ್ಕಳ ಪಾಲನಾ ಕೇಂದ್ರ. ಯಾವಾಗಲೂ ಆಳು ಕಡಿಮೆ. ಅಲ್ಲಿ ಕೆಲಸ ಮಾಡಿದ್ರೆ ನಿನ್ನ ಮೊದಲ ಮಗುವಿನ ಶುಲ್ಕದಲ್ಲಿ ಕಡಿಮೆ ಅಂದ್ರೂ ಅರ್ಧ ಮಾಫಿ. ಆದ್ರೆ ಬೆರಳಚ್ಚು, ಹಿನ್ನೆಲೆ ಪರಿಶೀಲನೆ ಮುಗಿಲಿಕ್ಕೆ ತಿಂಗಳುಗಟ್ಟಲೆ ಹಿಡಿತದೆ. ನೀನು ವಾಸ ಮಾಡಿದ ಎಲ್ಲ ವಿಳಾಸ, ತಾರೀಖು ಸಮೇತ ಕೇಳ್ತಾರೆ. ಮೈಸೂರಿನ ಹಾಸ್ಟೆಲ್ಲಿಂದ ಹಿಡಿದು ಪಟ್ಟಿ ಮಾಡಿಡು. ನರ್ಸುಗಳಿಗೆ ಇನ್ನೂ ಸುಲಭ. ನಮ್ಮ ಮಂಗಳೂರಿನಲ್ಲಿ ಓದಿ, ಅಮೆರಿಕದ ನರ್ಸಿಂಗ್ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾಗಿ, ಅಮೆರಿಕದ ಯಾವುದಾದ್ರೂ ಒಂದು ರಾಜ್ಯದ ಲೈಸೆನ್ಸ್ ಇದ್ರೆ ಸೇನಾ ಆಸ್ಪತ್ರೆಗೆ ಅದು ಸಾಕು. ಅದೇ ರಸ್ತೆಯಾಚೆ ಜರ್ಮನ್ ಆಸ್ಪತ್ರೆಗೆ ಹೋದ್ರೆ ಪದವಿಯ ಮಾನ್ಯತೆ, ಮೇಲೆ ಸರಾಗ ಮಾತಾಡುವಷ್ಟು, ಬಿ2 ಮಟ್ಟದ ಜರ್ಮನ್ ಭಾಷೆ.”

“ಆದ್ರ ತಂಗಿ, ಹೆಚ್ಚಿನ ಸರ್ಕಾರಿ ಹುದ್ದೆ ಪ್ರಕಟಣೆಯೊಳಗ ‘ಅಮೆರಿಕದ ಪ್ರಜೆ ಆಗಿರಬೇಕು’ ಅಂತ ಒಂದು ಸಾಲು ಇರ್ತೈತಿ. ನಿನ್ನದು ಗ್ರೀನ್ ಕಾರ್ಡು.”

ಪುಟ್ಟಿಯ ಮುಖ ಸಣ್ಣಗಾಯಿತು. ಫೈಲಕ್ಕನ ಮುಖ ಮಾತ್ರ ದೀಪಾವಳಿಯ ಹಾಗೆ ಬೆಳಗಿತು. ಅವರಿಗೆ ಪ್ರಿಯವಾದ ಫಾರ್ಮು ಬಂದಿತ್ತು. ಗಂಡ ಅಮೆರಿಕದ ಪ್ರಜೆಯಾಗಿದ್ದು, ಸೇನೆಯ ಆದೇಶದಲ್ಲಿ ಹೊರದೇಶಕ್ಕೆ ಹೋಗುವಾಗ ಹೆಂಡತಿಯೂ ಜೊತೆಗೆ ಹೊರಟರೆ, ಪೌರತ್ವಕ್ಕೆ ಪ್ರಜೆಗಳ ಉಳಿದ ಸಂಗಾತಿಗಳ ಹಾಗೆ ಮೂರು ವರ್ಷ ಕಾಯಬೇಕಿಲ್ಲ. ಎನ್-400 ಅರ್ಜಿಯ ಜೊತೆ ಸೇನೆ ಕೊಡುವ ಡಿಡಿ-1278 ಪ್ರಮಾಣಪತ್ರ ಲಗತ್ತಿಸಬೇಕು. ಅರ್ಜಿ ನೋಡುವ ತನಕ ಕಾಯುವಾಗ ಇನ್ನೊಂದು ಭಯ ಬೇಡ: ಆದೇಶದ ಮೇಲೆ ಹೊರಗಿರುವ ಸೈನಿಕನ ಸಂಗಾತಿ ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೂ ಗ್ರೀನ್ ಕಾರ್ಡ್ ತೋರಿಸಿ ಮರಳಬಹುದು.

“ಪ್ರಜೆ ಆದ ಗಳಿಗೆಗೆ ಇಂಡಿಯಾದ ಪೌರತ್ವ ಹೋಯ್ತು, ಅದನ್ನ ನೆನಪಿಡು,” ಅಂದರು ಲೆಕ್ಕದಣ್ಣ. “ಹಳೇ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಪ್ರಮಾಣಪತ್ರ, ಆಮ್ಯಾಲೆ ಓಸಿಐ, ಅಂದ್ರ ಸಾಗರೋತ್ತರ ಭಾರತೀಯರ ಕಾರ್ಡು. ಇಲ್ಲಾಂದ್ರ ಅಣ್ಣನ ಮದುವಿಗೆ ವೀಸಾ ತಗೊಂಡು ಹೋಗಬೇಕಾಗ್ತೈತಿ.”

ಎರಡನೇ ಬಾಗಿಲು, ಗೇಟಿನ ಹೊರಗೆ. ಇದರ ಬಗ್ಗೆ ಲೆಕ್ಕದಣ್ಣನಿಗೆ ಉತ್ಸಾಹ ಕಡಿಮೆ. ಜರ್ಮನ್ ಮಾಲೀಕನ ಸಂಬಳಕ್ಕೆ ಜರ್ಮನ್ ತೆರಿಗೆ, ವಿಮೆ, ಪಿಂಚಣಿ ಕಡಿತ ಎಲ್ಲ ಲಾಗೂ. ‘ಮಿನಿಜಾಬ್’ ಎಂಬ ಚಿಕ್ಕ ಕೆಲಸಕ್ಕೆ 2025ರಲ್ಲಿ ತಿಂಗಳ ಮಿತಿ 556 ಯೂರೊ, 2026ರಿಂದ 603. ಸಹಿ ಹಾಕುವ ಮೊದಲು ಬೇಸಿನ ಕಾನೂನು ಕಚೇರಿಗೆ ಕರಾರು ತೋರಿಸಬೇಕು. ಅಲ್ಲಿ ಸಲಹೆ ಬಿಟ್ಟಿ.

“ಮೂರನೇದು ನಂಗೆ ಸರಿ ಅಣ್ಣ. ಟೆಕ್ಸಾಸ್ ಕಂಪನಿ ಕೆಲಸಾನೇ ಅಲ್ಲಿ ಸೋಫಾ ಮೇಲೆ ಕೂತು ಮಾಡ್ತೀನಿ. ಸಂಬಳ ಅಮೆರಿಕದ ಬ್ಯಾಂಕಿಗೆ. ಜರ್ಮನಿಗೇನು ಗೊತ್ತಾಗತ್ತೆ?”

“ಯಾವ ಸೋಫಾ ಮ್ಯಾಲೆ ಅಂತ ಕೇಳೂದು ಅದಕ್ಕೇ! ದುಡ್ಡು ಯಾವ ಬ್ಯಾಂಕಿಗೆ ಬೀಳ್ತೈತಿ ಅನ್ನೂದು ಮುಖ್ಯ ಅಲ್ಲ, ಕುರ್ಚಿ ಎಲ್ಲೈತಿ ಅನ್ನೂದು ಮುಖ್ಯ. ಒಪ್ಪಂದದ ಕೊಡೆ ಅಮೆರಿಕ ಸರ್ಕಾರ ಕೊಡೂ ಸಂಬಳಕ್ಕ ಐತಿ, ಖಾಸಗಿ ಕಂಪನಿ ಸಂಬಳಕ್ಕ ಇಲ್ಲ. ಕಂಪನಿಗೂ ತಲಿನೋವು: ನೀ ಕೂತಲ್ಲಿ ಅದಕ್ಕ ಜರ್ಮನಿಯೊಳಗ ಒಂದು ಶಾಖೆ ಹುಟ್ಟಿತೇನು ಅಂತ ಪ್ರಶ್ನೆ ಏಳ್ತೈತಿ. ಅದಕ್ಕ ಲಿಖಿತ ಒಪ್ಪಿಗೆ ತಗೋ. ಮ್ಯಾನೇಜರನ ‘ಓಕೆ ಓಕೆ’ ಸಾಲೂದಿಲ್ಲ, ಎಚ್‌ಆರ್ ಮತ್ತ ತೆರಿಗಿ ವಿಭಾಗದ್ದು ಬೇಕು. ವಿಪಿಎನ್ ಹಾಕ್ಕೊಂಡು ಟೆಕ್ಸಾಸ್‌ನ್ಯಾಗ ಇದ್ದಂಗ ನಟಿಸಿದವರು ಒಂದಿನ ಲಾಗಿನ್ ಆಗದ ಕೂಡ್ತಾರ.”

“ಆದ್ರೆ ಹೊರದೇಶದಲ್ಲಿ ಗಳಿಸಿದ್ದಕ್ಕೆ ಅಮೆರಿಕದಲ್ಲಿ ವಿನಾಯಿತಿ ಇದೆಯಂತೆ?”

“ಐತಿ. 2025ರ ಆದಾಯಕ್ಕ 1,30,000 ಡಾಲರ್ ತನಕ. ಆದ್ರ ಸರ್ಕಾರಿ ಸಂಬಳಕ್ಕ ಅದು ಇಲ್ಲ, ಗೇಟಿನ ಒಳಗ ದುಡಿದವರು ಅಮೆರಿಕಕ್ಕ ಪೂರ್ತಿ ಕಟ್ಟಬೇಕು. ಒಂದು ಕಡಿ ಕೊಡೆ ಹಿಡಿದ್ರ ಇನ್ನೊಂದು ಕಡಿ ಸೋರ್ತೈತಿ.”

“ಕೆಲಸ ಸಿಗುವ ತನಕ ಓದಿಕೋ,” ಅಂದರು ಫೈಲಕ್ಕ. “ಮೈಕಾ ಅಂತ ವಿದ್ಯಾರ್ಥಿವೇತನ ಉಂಟು, ಒಟ್ಟು 4,000 ಡಾಲರ್, ವರ್ಷಕ್ಕೆ 2,000. ಗಂಡನ ದರ್ಜೆಗೆ ಮಿತಿ ಉಂಟು, ನೋಡಿಕೋ. ಸರ್ಟಿಫಿಕೇಟು, ಲೈಸೆನ್ಸಿನ ಕೋರ್ಸಿಗೆ, ಎರಡು ವರ್ಷದ ಅಸೋಸಿಯೇಟ್ ಪದವಿಗೆ ಕೊಡ್ತಾರೆ, ಬ್ಯಾಚುಲರ್ ಪದವಿಗಲ್ಲ. ಮತ್ತೆ ಗಂಡ ಡ್ಯೂಟಿಗೆ ಬೇರೆ ದೇಶಕ್ಕೆ ಹೋಗುವ ಮೊದಲು ಪವರ್ ಆಫ್ ಅಟಾರ್ನಿ ಬರೆಸು. ಅವನ ಸಹಿ ಇಲ್ಲದೆ ಇಲ್ಲಿ ನಿನ್ನ ಗುರುತಿನ ಚೀಟಿಯೂ ನವೀಕರಣ ಆಗ್ಲಿಕ್ಕಿಲ್ಲ.”

ಮನೆಯ ಮಾತು ಬಂತು. ಹೊರಗೆ ಬಾಡಿಗೆ ಹಿಡಿದರೆ ಮುಂಗಡ ಮೂರು ತಿಂಗಳ ಬಾಡಿಗೆಯವರೆಗೆ. ಬಾಗಿಲು ತೆಗೆದು ಒಳಗೆ ಹೋದರೆ ದೀಪ ಇರುವ ಜಾಗದಲ್ಲಿ ಎರಡು ತಂತಿ ನೇತಾಡುತ್ತಿರುತ್ತವೆ. ಗೋಡೆಯಲ್ಲಿ ಬೀರು ಇಲ್ಲ. ಅಡುಗೆಮನೆ ಇದೆ, ಅಡುಗೆಕಟ್ಟೆ ಇಲ್ಲ; ಹಿಂದಿನವರು ಸಿಂಕ್ ಸಮೇತ ಕಿತ್ತುಕೊಂಡು ಹೋಗಿದ್ದಾರೆ. ಅದು ಕಳ್ಳತನವಲ್ಲ, ಪದ್ಧತಿ. ಅಡುಗೆಕಟ್ಟೆ, ದೀಪ ಕೊಳ್ಳುವಾಗ 19 ಪ್ರತಿಶತ ಮೌಲ್ಯವರ್ಧಿತ ತೆರಿಗೆ ಉಳಿಸಬೇಕಿದ್ದರೆ ಬೇಸಿನಿಂದ ವ್ಯಾಟ್ ಫಾರಂ ಮೊದಲೇ ತಂದಿರಬೇಕು. ಬಿಲ್ಲು ಆದ ಮೇಲೆ ತಂದ ಫಾರಂ ಬಜ್ಜಿ ಕಟ್ಟಲು ಲಾಯಕ್ಕು.

“ಮಿಕ್ಸಿ? ನನ್ನ ಹತ್ರ ಎರಡಿವೆ.”

“ಅಮೆರಿಕದ್ದು ಅಲ್ಲೇ ಯಾರಿಗಾದ್ರೂ ಕೊಡು,” ಲೆಕ್ಕದಣ್ಣ ತಕ್ಷಣ ಅಂದರು. “ಅದು 120 ವೋಲ್ಟಿಂದು, ಇಲ್ಲಿ 230. ಇಟ್ಟಿಗಿಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಹಚ್ಚಿದ್ರೂ ವೋಲ್ಟ್ ಅಷ್ಟೇ ಬದಲಾಗ್ತೈತಿ, ಹರ್ಟ್ಸ್ ಅಲ್ಲ: ಅಲ್ಲಿ 60, ಇಲ್ಲಿ 50. ಪ್ಲಗ್ಗಿನ ಹಳೇ ಗಡಿಯಾರ ತಾಸಿಗೆ ಹತ್ತು ನಿಮಿಷ ಹಿಂದ ಬೀಳ್ತೈತಿ, ಅದರ ಮ್ಯಾಲೆ ಅರ್ಜಿ ಹಾಕಾಕ ಹೋಗಬ್ಯಾಡ ಮತ್ತ. ಮೈಸೂರಿನ ಮಿಕ್ಸಿ ತಾ. ಅದೂ 230, 50. ಪಿನ್ನು ಮೂರು ಇರ್ತಾವಲ್ಲ, ಅರ್ಥಿಂಗ್ ಇರೂ ಅಡಾಪ್ಟರ್ ಒಂದು ಸಾಕು.”

“ಇವತ್ತು ಬಂದಿದ್ರೆ ಇವತ್ತೇ ಚಟ್ನಿ!”

“ಇವತ್ತು ಭಾನುವಾರ ಮಾರಾಯ್ತಿ,” ಫೈಲಕ್ಕ ಕಿಟಕಿಯ ಕಡೆ ನೋಡಿ ಪಿಸುಗುಟ್ಟಿದರು. “ಇಡೀ ದಿನ ಮೌನ. ಡ್ರಿಲ್ಲಿಂಗ್ ಇಲ್ಲ, ಹುಲ್ಲು ಕತ್ತರಿಸುದು ಇಲ್ಲ. ವಾರದ ದಿನವೂ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಸದ್ದು ಬೇಡ. ನಮ್ಮ ಮಿಕ್ಸಿ ತಿರುಗಿದ್ರೆ ಕೆಳಗಿನ ಮನೆಯಜ್ಜಿ ಹೆಲಿಕಾಪ್ಟರ್ ಇಳಿಯಿತು ಅಂತ ತಿಳ್ಕೊಳ್ತಾರೆ.”

“ಹಾಗಾದ್ರೆ ಚಕ್ಕುಲಿ ಒರಳು?” ಪುಟ್ಟಿ ಪೆಟ್ಟಿಗೆಯಿಂದ ಹಿತ್ತಾಳೆಯದೊಂದನ್ನು ಎತ್ತಿ ಕ್ಯಾಮೆರಾಕ್ಕೆ ಹಿಡಿದಳು. “ಇದಕ್ಕೆ ವೋಲ್ಟೂ ಇಲ್ಲ, ಸದ್ದೂ ಇಲ್ಲ. ಮಾರಲ್ಲ, ತಿನ್ನೋಕೆ.”

ಇಬ್ಬರೂ ಆ ಕೊಳವೆಯನ್ನೇ ನೋಡಿದರು.

“ಕೈಚೀಲದಾಗ ಇಡಬ್ಯಾಡ ತಂಗಿ,” ಅಂದರು ಲೆಕ್ಕದಣ್ಣ ನಿಧಾನಕ್ಕೆ. “ಸ್ಕ್ಯಾನರಿನ್ಯಾಗ ಅದು ಪಕ್ಕಾ ತೋಪಿನ ಗುಂಡು.”

“ಲಾರಿಗೂ ಹಾಕ್ಬೇಡ, ಅದು ಹಡಗಿನಲ್ಲಿ ಬರ್ಲಿಕ್ಕೆ ತಿಂಗಳುಗಳೇ ಬೇಕು,” ಅಂದರು ಫೈಲಕ್ಕ, ಆಗಲೇ ಪೆನ್ನು ಹುಡುಕುತ್ತ. “ಮೊದಲು ಬರುವ ಸಣ್ಣ ಸಾಗಣೆ ಉಂಟಲ್ಲ, ಅನ್‌ಅಕಂಪನೀಡ್ ಬ್ಯಾಗೇಜ್, ಅದರಲ್ಲಿ ಹಾಕು. ಪಟ್ಟಿಯಲ್ಲಿ ‘ಹಿತ್ತಾಳೆ ಅಡುಗೆ ಸಲಕರಣೆ, ಒಂದು’ ಅಂತ ಬರೆಸು. ಬಿಲ್ಲೆ ಎಷ್ಟು ಉಂಟು ಅಂತ ಬೇರೆ ಬರೆಸು.”