ಶರಾವತಿ ಹಿನ್ನೀರಿನ ದಡದಲ್ಲಿ ಟೆಂಟ್, ಮೊದಲ್ನೇ ಸಲ. ಏನೇನ್ ರೆಡಿ ಮಾಡ್ಕೋಬೇಕು?

ಬನಶಂಕರಿ_ಬಾಲ್ಕನಿ:
ನಮಸ್ಕಾರ ಎಲ್ರಿಗೂ. ಜನವರಿ ಎರಡನೇ ವಾರ ಹೊನ್ನೆಮರಡು ಕಡೆ ಶರಾವತಿ ಬ್ಯಾಕ್‌ವಾಟರ್ ದಡದಲ್ಲಿ ಎರಡು ರಾತ್ರಿ ಟೆಂಟಲ್ಲಿ ಉಳ್ಕೊಳೋ ಪ್ಲಾನ್. ನಾನು, ಹೆಂಡ್ತಿ, 8 ವರ್ಷದ ಮಗಳು. ನಮ್ಮ ಅನುಭವ ಅಂದ್ರೆ ಅಪಾರ್ಟ್‌ಮೆಂಟ್ ಟೆರೇಸ್ ಮೇಲೆ ಒಂದ್ಸಲ ಟೆಂಟ್ ಹಾಕಿದ್ದು, ಅದೂ ರಾತ್ರಿ ಹನ್ನೊಂದಕ್ಕೆ ಸೊಳ್ಳೆ ಕಾಟಕ್ಕೆ ಎದ್ದು ಕೆಳಗೆ ಬಂದು ಮಲ್ಕೊಂಡ್ವಿ, ಪಕ್ಕದ್ಮನೆ ಅಂಕಲ್ ಇವತ್ತಿಗೂ ಲಿಫ್ಟಲ್ಲಿ ಸಿಕ್ಕಾಗ "ಕಾಡು ಹೆಂಗಿತ್ತು" ಅಂತ ಕೇಳ್ತಾರೆ. ಸೈಟ್‌ನವರು ಜಾಗ, ಟಾಯ್ಲೆಟ್, ಊಟ ಕೊಡ್ತಾರೆ, ಟೆಂಟ್ ನಮ್ದೇ. ಆನ್‌ಲೈನಲ್ಲಿ ತ್ರೀ ಪರ್ಸನ್ ಟೆಂಟ್ ನೋಡಿಟ್ಟಿದೀನಿ, ಸಾಕಾ? ಸ್ಲೀಪಿಂಗ್ ಬ್ಯಾಗ್ ಮೈನಸ್ ಐದು ಡಿಗ್ರಿದೇ ಬೇಕಾ? ತಾಳಗುಪ್ಪ ಟ್ರೇನಲ್ಲಿ ಬರ್ತಿದೀವಿ, ಬೆಳಗ್ಗೆ ಟೀಗೆ ಒಂದು ಸಣ್ಣ ಗ್ಯಾಸ್ ಸ್ಟವ್ ಇಟ್ಕೊಳ್ಳೋಣ ಅಂತ. ಮಗಳಿಗೆ ಈಜು ಬರುತ್ತೆ (ಪೂಲಲ್ಲಿ), ಅಲ್ಲಿ ನೀರಿಗಿಳೀಬಹುದಾ?

ಚಾರಣ_ಚಪಲ:
ತ್ರೀ ಪರ್ಸನ್ ಅಂದ್ರೆ ಮೂರು ಜನ ಭುಜಕ್ಕೆ ಭುಜ ತಾಗಿಸ್ಕೊಂಡು ಮಲಗಿದ್ರೆ ಹಿಡಿಸುತ್ತೆ ಅಂತ ಲೆಕ್ಕ, ಬ್ಯಾಗು ಚಪ್ಪಲಿ ಎಲ್ಲಾ ಹೊರಗೆ. ನಾಲ್ಕು ಜನರದ್ದು ತಗೊಳ್ಳಿ. ಮೈನಸ್ ಐದು ಏನೂ ಬೇಡ, ನೀವು ಹೋಗ್ತಿರೋದು ಸಾಗರಕ್ಕೆ, ಲಡಾಖ್‌ಗಲ್ಲ. ಆದ್ರೆ ಚಳಿ ಬರೋದು ಮೇಲಿಂದ ಅಲ್ಲ, ನೆಲದಿಂದ. ಕೆಳಗೆ ಟಾರ್ಪಾಲು, ಅದರ ಮೇಲೆ ಟೆಂಟು, ಒಳಗೆ ದಪ್ಪ ಫೋಮ್ ಮ್ಯಾಟು, ಅದರ ಮೇಲೆ ಒಂದು ಕಂಬಳಿ ಹಾಸಿದ್ರೆ ಹೊದ್ಕೊಳಕ್ಕೆ ಮನೆ ರಗ್ಗೇ ಸಾಕು. ಟಾರ್ಪಾಲ್ ಅಂಚು ಮಾತ್ರ ಟೆಂಟ್‌ನಿಂದ ಹೊರಗೆ ಚಾಚ್ಕೊಂಡಿರಬಾರದು, ಮೇಲಿಂದ ಇಳಿದ ನೀರೆಲ್ಲಾ ಅದರ ಮೇಲೆ ನಿಂತು ಸೀದಾ ನಿಮ್ಮ ಬೆನ್ನಡಿಗೆ ಬರುತ್ತೆ.

ಇನ್ನೊಂದು, ಮಳೆ ಇಲ್ವಲ್ಲ ಅಂತ ಟೆಂಟ್ ಮೇಲೆ ಹಾಕೋ ಹೊದಿಕೆ (ರೈನ್‌ಫ್ಲೈ) ಬಿಚ್ಚಿಡಬೇಡಿ. ನಾನು ನಕ್ಷತ್ರ ಕಾಣಲಿ ಅಂತ ಒಂದ್ಸಲ ಬಿಚ್ಚಿಟ್ಟಿದ್ದೆ, ಮೂರು ಗಂಟೆಗೆ ಮೂಗಿನ ಮೇಲೆ ಟಪ್ ಅಂತ ಒಂದು ಹನಿ, ಟಾರ್ಚ್ ಬಿಟ್ಟು ನೋಡಿದ್ರೆ ಮೇಲೆಲ್ಲಾ ಇಬ್ಬನಿ, ದಿಂಬಿನ ಪಕ್ಕ ಇಟ್ಟಿದ್ದ ಸಾಕ್ಸ್ ಹಿಂಡಿದ್ರೆ ನೀರು ಬರ್ತಿತ್ತು. ಹಂಗಂತ ಎಲ್ಲಾ ಜಿಪ್ ಬಿಗಿಯಾಗಿ ಮುಚ್ಚಿದ್ರೂ ಕಷ್ಟ, ನಮ್ಮ ಉಸಿರೇ ಬಟ್ಟೆಗೆ ತಾಗಿ ನೀರಾಗಿ ಇಳಿಯುತ್ತೆ. ಮೆಶ್ ಕಿಟಕಿ ಎರಡೂ ಕಡೆ ಸ್ವಲ್ಪ ತೆಗೆದಿಡಿ.

ಗ್ಯಾಸ್ ಸ್ಟವ್ ಮರೆತುಬಿಡಿ, ಟ್ರೇನಲ್ಲಿ ಸಿಲಿಂಡರ್ ಒಯ್ಯಂಗಿಲ್ಲ, ಸಣ್ಣ ಡಬ್ಬಿ ಆದ್ರೂ ಅಷ್ಟೆ. ಫ್ಲಾಸ್ಕ್ ಇಟ್ಕೊಂಡು ಹೋಗಿ.

ತಾಳಗುಪ್ಪ_ಲಾಸ್ಟ್‌ಸ್ಟಾಪ್:
ಮಾರಾಯ್ರೆ, ನೀವೆಲ್ಲ ಬ್ಯಾಕ್‌ವಾಟರ್ ಅಂತೀರಿ, ನಮಗದು ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆಗಿ ನೀರು ನಿಂತಿದ್ದು, ನಮ್ಮಜ್ಜನ ಗದ್ದೆ ಮನೆ ಎಲ್ಲ ಅದರಡಿಗೇ ಇರೋದು. ಇದನ್ನ ಯಾಕೆ ಹೇಳಿದೆ ಅಂದ್ರೆ ಕೆರೆ ಥರ ಅಂಚಿಂದ ನಿಧಾನಕ್ಕೆ ಆಳ ಆಗೋ ನೀರಲ್ಲ ಅದು, ಕೆಳಗೆ ಗುಡ್ಡ, ಹಳ್ಳ, ಒಣಗಿದ ಮರದ ಬೊಡ್ಡೆ ಎಲ್ಲ ಹಂಗೇ ಇದಾವೆ. ನಾಲ್ಕು ಹೆಜ್ಜೆ ಮೊಣಕಾಲುದ್ದ ಇರ್ತದೆ, ಐದನೇ ಹೆಜ್ಜೆ ಎಲ್ಲಿ ಅಂತ ಹೇಳೋಕಾಗಲ್ಲ. ಪೂಲಲ್ಲಿ ಕಲಿತ ಈಜು ಇಲ್ಲಿ ಲೆಕ್ಕಕ್ಕಿಲ್ಲ, ಲೈಫ್ ಜಾಕೆಟ್ ಇಲ್ದೆ ಮಗೂನ ಇಳಿಸಲೇಬೇಡಿ, ನೀವೂ ಇಳೀಬೇಡಿ. ಜನವರಿ ಹೊತ್ತಿಗೆ ನೀರು ಹಿಂದೆ ಸರೀತಾ ಇರ್ತದೆ, ಹಿಂದೆ ಸರಿದ ಜಾಗ ಮೇಲೆ ಒಣಗಿದಂಗೆ ಕಾಣ್ತದೆ, ಒಳಗೆ ಕೆಸರು, ಕಾಲಿಟ್ರೆ ಚಪ್ಪಲಿ ಅಲ್ಲೇ. (ಬೇಸಿಗೆಲಿ ನೀರು ಪೂರ್ತಿ ಇಳಿದ ವರ್ಷ ಬಂದ್ರೆ ಹಳೇ ಮಡೆನೂರು ಡ್ಯಾಮೇ ಎದ್ದು ಕಾಣ್ತದೆ, ಅದು ಬೇರೆ ಕಥೆ.)

ನೆಲ ಜಂಬಿಟ್ಟಿಗೆ. ಟೆಂಟ್ ಜೊತೆ ಬರೋ ಕಡ್ಡಿ ಥರದ ಗೂಟ ಎರಡೇಟಿಗೆ ಬಗ್ಗಿ ಕೊಕ್ಕೆ ಆಗ್ತದೆ. ದಪ್ಪ ಕಬ್ಬಿಣದ ಗೂಟ ತನ್ನಿ, ಇಲ್ಲಾಂದ್ರೆ ಹಗ್ಗ ತನ್ನಿ, ಕಲ್ಲಿಗೆ ಕಟ್ಟಿದ್ರಾಯ್ತು. ಬೆಳಕಿರೋವಾಗಲೇ ಟೆಂಟ್ ಹಾಕಿ ಮುಗಿಸಿ.

ಈಗ ಮುಖ್ಯದ್ದು. ಡಿಸೆಂಬರಿಂದ ಮೇವರೆಗೆ ಇಲ್ಲಿ ಮಂಗನ ಕಾಯಿಲೆ ಸೀಸನ್ನು. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಲ್ಲಿ ಜನ ಸತ್ತಿದ್ದು ಪೇಪರಲ್ಲಿ ಓದಿರ್ತೀರಿ. ಹರಡೋದು ಉಣುಗು, ಸಾಸಿವೆಗಿಂತ ಸಣ್ಣ ಮರಿ, ಒಣ ತರಗೆಲೆಲಿ ಇರ್ತದೆ. ಕಾಡಂಚಲ್ಲಿ ತರಗೆಲೆ ಮೇಲೆ ಕೂರೋದು, ಮಲಗೋದು, ಬೆಂಕಿ ಹಾಕಕ್ಕೆ ಅಂತ ಸೌದೆ ಆರಿಸ್ಕೊಂಡು ಬರೋದು ಯಾವುದೂ ಬೇಡ. ತುಂಬು ತೋಳು, ಉದ್ದ ಪ್ಯಾಂಟು, ಪ್ಯಾಂಟನ್ನ ಸಾಕ್ಸ್ ಒಳಗೆ ತುರುಕಿ. ಸಂಜೆ ಬಿಸಿನೀರು, ಸೋಪು ಹಾಕಿ ಸ್ನಾನ, ಮಗಳ ಕಿವಿ ಹಿಂದೆ, ಕಂಕುಳು, ಸೊಂಟದ ಪಟ್ಟಿ ಹತ್ರ ಎಲ್ಲ ನೋಡಿ. ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ಸೈಟ್‌ನವರಿಗೆ ಹೇಳಿ.

ಮನುಮಗಳ_ಅಮ್ಮ:
ಮೇಲಿನೋರು ಹೇಳಿದ್ದೆಲ್ಲ ಸರಿ. ನಂದು ಒಂದೇ ಮಾತು, ದುಡ್ಡು ಕಟ್ಟೋ ಮುಂಚೆ ಫೋನ್ ಮಾಡಿ "ರಾತ್ರಿ ಸ್ಪೀಕರ್ ಹಾಕ್ತೀರಾ" ಅಂತ ಕೇಳಿ. ನಾವು ಹೋದ ವರ್ಷ ಬೇರೊಂದು ಡ್ಯಾಮ್ ಹತ್ರ ಒಂದು ಕಡೆ ಹೋಗಿದ್ವಿ, ಫೋಟೋಲಿ ನೋಡಿದ್ರೆ ನಾವು, ನೀರು, ಚಂದ್ರ ಅಷ್ಟೇ, ಹೋಗಿ ನೋಡಿದ್ರೆ ನಲವತ್ತು ಟೆಂಟು ಹಗ್ಗಕ್ಕೆ ಹಗ್ಗ ತಾಗ್ಕೊಂಡು, ರಾತ್ರಿ ಎರಡರವರೆಗೂ ಡಿಜೆ, ಟಾಯ್ಲೆಟ್ ಎರಡೇ, ನನ್ನ ಮಗಳು ಕತ್ತಲಲ್ಲಿ ಹಗ್ಗ ಎಡವಿ ಬಿದ್ದು ಮಂಡಿ ತರಚ್ಕೊಂಡ್ಳು. ಆವತ್ತಿಂದ ನಾನು ಹಗ್ಗಕ್ಕೆಲ್ಲಾ ಬಿಳೀ ಬಟ್ಟೆ ಚೂರು ಕಟ್ತೀನಿ. ಮಕ್ಕಳಿಗೆ ಹಣೆಗೆ ಕಟ್ಕೊಳೋ ಟಾರ್ಚೇ ಒಳ್ಳೇದು, ಕೈಲಿರೋದು ಟಾಯ್ಲೆಟ್‌ಗೆ ಬೀಳುತ್ತೆ (ಬಿದ್ದಿದೆ).

ಬನಶಂಕರಿ_ಬಾಲ್ಕನಿ:
ಎಲ್ರಿಗೂ ಥ್ಯಾಂಕ್ಸ್. ಉಣುಗಿನ ವಿಷಯ ಓದಿ ಮನೆಯವಳು ಕ್ಯಾನ್ಸಲ್ ಮಾಡಿ ಅಂತಿದಾಳೆ. ತಾಳಗುಪ್ಪದವ್ರೇ, ಅಷ್ಟೊಂದು ಭಯ ಪಡ್ಬೇಕಾ?

ತಾಳಗುಪ್ಪ_ಲಾಸ್ಟ್‌ಸ್ಟಾಪ್:
ನಾವು ಇಲ್ಲೇ ಇದೀವಲ್ಲ ಸ್ವಾಮಿ. ಸೈಟ್‌ನವರಿಗೆ ಫೋನ್ ಮಾಡಿ ಈ ಸಲ ಸುತ್ತಮುತ್ತ ಮಂಗ ಸತ್ತಿದಾವಾ, ಆರೋಗ್ಯ ಇಲಾಖೆಯವ್ರು ಏನಾದ್ರೂ ಹೇಳಿದಾರಾ ಕೇಳಿ. ಹೌದು ಅಂದ್ರೆ ಬರಬೇಡಿ. ಇಲ್ಲ ಅಂದ್ರೆ ಗುಡಿಸಿದ ಬಯಲು ಜಾಗದಲ್ಲಿ ಟೆಂಟ್ ಹಾಕಿ, ಮರದಡಿ ನೆರಳಿದೆ ಅಂತ ಅಲ್ಲಿಗೆ ಹೋಗಬೇಡಿ. ಮಗಳು ಚಿಕ್ಕವಳು, ಅಷ್ಟಾದ್ರೂ ಮನಸ್ಸು ಒಪ್ಪಲ್ಲ ಅಂದ್ರೆ ಅಕ್ಟೋಬರ್ ಕೊನೆ, ನವೆಂಬರಿಗೆ ಹಾಕ್ಕೊಳಿ, ನೀರೂ ತುಂಬಿರ್ತದೆ, ಜೋಗದಲ್ಲೂ ನೋಡಕ್ಕೆ ಒಂದಿಷ್ಟು ಇರ್ತದೆ. ಆಗ ಇಂಬಳ (ಜಿಗಣೆ) ಒಂದೆರಡು ಹತ್ತಬಹುದು, ಅದಕ್ಕೆ ಉಪ್ಪಿನ ಗಂಟು ಸಾಕು. ಜನವರಿಗೇ ಬಂದ್ರೆ, ವಾಪಸ್ ಹೋಗಿ ಹತ್ತು ದಿನದೊಳಗೆ ಯಾರಿಗಾದ್ರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಡಾಕ್ಟರಿಗೆ "ಸಾಗರದ ಕಾಡಿನ ಕಡೆ ಹೋಗಿದ್ವಿ" ಅಂತ ನೀವೇ ಬಾಯ್ಬಿಟ್ಟು ಹೇಳಿ, ಬೆಂಗಳೂರಲ್ಲಿ ಅವ್ರಿಗೆ ಮೊದ್ಲು ಡೆಂಗ್ಯೂನೇ ನೆನಪಾಗೋದು.

ಬನಶಂಕರಿ_ಬಾಲ್ಕನಿ:
ನವೆಂಬರಿಗೆ ತಳ್ಳಿದ್ವಿ. ಈ ಶನಿವಾರ ಟೆರೇಸಲ್ಲಿ ಮತ್ತೆ ಪ್ರಾಕ್ಟೀಸು, ಅಂಕಲ್‌ಗೂ ಹೇಳಿದೀನಿ.