ಪದ ಬೇಕು: ಚೀಫ್ ನರ್ಸಿಂಗ್ ಆಫೀಸರ್, ಡೈರೆಕ್ಟರ್ ಆಫ್ ಆಪರೇಷನ್ಸ್

ನಮಸ್ಕಾರ. ಮಕ್ಕಳ ಆಸ್ಪತ್ರೆಯೊಂದರ ನಾಮಫಲಕಗಳ ಅನುವಾದ ನನ್ನ ಪಾಲಿಗೆ ಬಂದಿದೆ. ನಾಳೆ ಬೆಳಿಗ್ಗೆ ಫಲಕ ಬರೆಯುವವರಿಗೆ ಕೊಡಬೇಕು. ಒಂದು ಕೊಠಡಿ ಮಾತ್ರ ಬಾಕಿ: 'ಚೀಫ್ ನರ್ಸಿಂಗ್ ಆಫೀಸರ್ ಮತ್ತು ಡೈರೆಕ್ಟರ್ ಆಫ್ ಆಪರೇಷನ್ಸ್'. ಎರಡೂ ಹೊಣೆ ಒಬ್ಬರದೇ. 'ಮುಖ್ಯ ದಾದಿ ಹಾಗೂ ಕಾರ್ಯಾಚರಣೆ ನಿರ್ದೇಶಕರು' ಎಂದು ಬರೆದು ನೋಡಿದೆ. ಎಲ್ಲಿಗೋ ದಾಳಿಗೆ ಹೊರಟವರ ಹಾಗೆ ಕೇಳಿಸುತ್ತದೆ. ಫಲಕದಲ್ಲಿ ಎರಡು ಸಾಲಿಗಷ್ಟೇ ಜಾಗ. ದಯವಿಟ್ಟು ತಿಳಿಸಿ.

——

'ದಾದಿ' ಬೇಡ. ಅದು ಸ್ತ್ರೀಲಿಂಗ; ಈ ಹುದ್ದೆಯಲ್ಲಿ ಗಂಡಸರೂ ಇರುತ್ತಾರೆ. ಸರ್ಕಾರಿ ಕಡತಗಳಲ್ಲೇ 'ಶುಶ್ರೂಷಾಧಿಕಾರಿ' ಇದೆ. ಅದರ ಮುಂದೆ 'ಮುಖ್ಯ' ಸೇರಿಸಿ. ಚರ್ಚೆ ಮುಗಿಯಿತು.

——

> ಚರ್ಚೆ ಮುಗಿಯಿತು.

ಮುಗಿದಿಲ್ಲ. ದಾದಿ ಸಂಸ್ಕೃತದ ಧಾತ್ರಿಯ ತದ್ಭವ. ಧಾತ್ರಿ ಎಂದರೆ ಹಾಲೂಡಿಸುವವಳು. ಇಂಗ್ಲಿಷಿನ ನರ್ಸ್ ಕೂಡ ಲ್ಯಾಟಿನ್ನಿನಲ್ಲಿ ಹಾಲೂಡಿಸು, ಪೋಷಿಸು ಎಂಬರ್ಥದ ಧಾತುವಿನಿಂದಲೇ ಬಂದದ್ದು. ಆಸ್ಪತ್ರೆಯ ನರ್ಸ್‌ಗಳ ಮೇಲಿನವಳಿಗೆ ಹೇಳುತ್ತಿದ್ದ ಮೇಟ್ರನ್‌ನ ಮೂಲದಲ್ಲಿಯಂತೂ ತಾಯಿಯೇ ಇದ್ದಾಳೆ. ಮೂರೂ ತೊಟ್ಟಿಲ ಸುತ್ತ ಹುಟ್ಟಿದ ಪದಗಳು. ಮಕ್ಕಳ ಆಸ್ಪತ್ರೆಗೆ ಇವು ಒಪ್ಪದೆ ಇನ್ನಾವುದು ಒಪ್ಪೀತು? ಶುಶ್ರೂಷೆಯ ಮೂಲಾರ್ಥವಾದರೋ 'ಕೇಳುವ ಇಚ್ಛೆ'. 'ಕೇಳು' ಎಂಬರ್ಥದ ಶ್ರು ಧಾತುವಿನ ಸನ್ನಂತ, ಅಂದರೆ ಇಚ್ಛೆಯನ್ನು ಸೂಚಿಸುವ ರೂಪ. ಗುರುವಿನ ಮಾತಿಗೆ ಕಿವಿಗೊಟ್ಟು ಕುಳಿತ ಶಿಷ್ಯನ ಪದ ಅದು, ರೋಗಿಯ ಹಾಸಿಗೆಯ ಬಳಿಗೆ ಬಂದದ್ದು ಆಮೇಲೆ. ಚರಕಸಂಹಿತೆ ಚಿಕಿತ್ಸೆಯ ನಾಲ್ಕು ಪಾದಗಳನ್ನು ಹೇಳುವಾಗ ವೈದ್ಯ, ಔಷಧ, ರೋಗಿಯ ಜೊತೆಗೆ 'ಉಪಸ್ಥಾತೃ' ಎನ್ನುತ್ತದೆ, ಎಂದರೆ ರೋಗಿಯ ಬಳಿ ನಿಂತು ನೋಡಿಕೊಳ್ಳುವವರು. ಸಂಸ್ಕೃತವೇ ಬೇಕೆಂದರೆ 'ಪ್ರಧಾನ ಉಪಸ್ಥಾತೃ' ಎಂದು ಬರೆಯಿರಿ.

——

ಉಪಸ್ಥಾತೃ! ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಿ ಬಂದ ತಂದೆ ಆ ಬಾಗಿಲ ಮುಂದೆ ನಿಂತು ಒತ್ತಕ್ಷರ ಬಿಡಿಸುತ್ತಿರಲಿ. 'ಆರೈಕೆ' ಎಂಬ ಅಪ್ಪಟ ಕನ್ನಡ ಪದ ಕಣ್ಣೆದುರೇ ಇರುವಾಗ ಇಷ್ಟೆಲ್ಲ ಏಕೆ? ಆಪರೇಷನ್ಸ್‌ಗೆ 'ನಡೆಸುವಿಕೆ'. 'ಮಕ್ಕಳ ಆರೈಕೆ ಮತ್ತು ನಡೆಸುವಿಕೆಯ ಮೇಲಾಳು'.

——

ಮೇಲಾಳು ಎಂದರೆ ಕೂಲಿಯವರ ಮೇಸ್ತ್ರಿ ಎಂದು ಕೇಳಿಸುತ್ತದೆ. ಆರೈಕೆಯನ್ನು ಅಜ್ಜಿಯೂ ಮಾಡುತ್ತಾಳೆ. ಮುಂದಿನವರು ಹೇಳಿ.

——

ನಾನು ಆಸ್ಪತ್ರೆಯ ಆಡಳಿತದಲ್ಲಿ ಕೆಲಸ ಮಾಡಿದವನು. ಮೂಲಾರ್ಥ ಬದಿಗಿರಲಿ, ಆ ಕೊಠಡಿಯಲ್ಲಿ ಕುಳಿತವರು ಏನು ಮಾಡುತ್ತಾರೆಂದು ನೋಡಿ. ಮಕ್ಕಳಿಗೆ ಔಷಧ ಕೊಡುವುದು ತೂಕದ ಲೆಕ್ಕದಲ್ಲಿ, ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು. ದಶಮಾಂಶ ಬಿಂದು ಒಂದು ಸ್ಥಾನ ಜರುಗಿದರೆ ಹತ್ತು ಪಟ್ಟು ಡೋಸ್. ಅದಕ್ಕೇ ಅಪಾಯದ ಔಷಧಗಳನ್ನು ಇಬ್ಬರು ನರ್ಸ್‌ಗಳು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡುತ್ತಾರೆ. ರಾತ್ರಿ ಪಾಳಿಯಲ್ಲಿಯೂ ಆ ಎರಡನೆಯ ನರ್ಸ್ ಇರುವಂತೆ ಪಾಳಿಪಟ್ಟಿ ಹೊಂದಿಸುವ ಹೊಣೆ ಕೊನೆಗೆ ಬಂದು ನಿಲ್ಲುವುದು ಈ ಹುದ್ದೆಯ ಮೇಲೆ. ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಖಾಲಿ ಇದ್ದು ನರ್ಸ್ ಇಲ್ಲದಿದ್ದರೆ ಅದು ಬರೀ ಮಂಚ. ವೆಂಟಿಲೇಟರ್ ಹಾಕಿದ ಮಗುವನ್ನು ಅಲ್ಲಿಗೆ ಸೇರಿಸುವಂತಿಲ್ಲ. ಯಾವ ಮಗು ಯಾವ ವಾರ್ಡಿಗೆ, ಯಾರನ್ನು ಇಂದು ಮನೆಗೆ ಕಳುಹಿಸಬಹುದು ಎಂಬ ತೀರ್ಮಾನವೂ ನರ್ಸ್‌ಗಳ ಲೆಕ್ಕದ ಮೇಲೆಯೇ ನಿಂತಿದೆ. ಎರಡು ಹೊಣೆ ಒಬ್ಬರಿಗೇ ಸೇರಿಸಿದ್ದಕ್ಕೆ ಕಾರಣ ಇದು.

ಪದಕ್ಕೆ ಬರುತ್ತೇನೆ. 'ಆಪರೇಷನ್ಸ್' ಎಂದೇ ಬಿಟ್ಟರೆ ಆಸ್ಪತ್ರೆಯಲ್ಲಿ ಅದಕ್ಕೆ ಒಂದೇ ಅರ್ಥ; ಶಸ್ತ್ರಚಿಕಿತ್ಸೆಯ ದಿನಾಂಕ ಕೇಳಲು ಜನ ಬಾಗಿಲು ತಟ್ಟುತ್ತಾರೆ. ಬರೀ 'ನಿರ್ವಹಣೆ' ಎಂದರೆ ಲಿಫ್ಟ್ ಕೆಟ್ಟಾಗ ಬರುತ್ತಾರೆ. 'ಮುಖ್ಯ ಶುಶ್ರೂಷಾಧಿಕಾರಿ'ಯೂ ಸಾಲದು: ಸ್ಟಾಫ್ ನರ್ಸ್‌ಗೇ ಶುಶ್ರೂಷಾಧಿಕಾರಿ ಎನ್ನುತ್ತಿರುವುದರಿಂದ ಇದು ಒಂದು ವಾರ್ಡಿನ ಹಿರಿಯರ ಹೆಸರಾಗಿಬಿಡುತ್ತದೆ. ನನ್ನ ಸಲಹೆ, ಮೊದಲ ಸಾಲಿನಲ್ಲಿ 'ನಿರ್ದೇಶಕರು', ಎರಡನೆಯದರಲ್ಲಿ 'ಶುಶ್ರೂಷೆ ಮತ್ತು ಆಸ್ಪತ್ರೆ ಸೇವೆಗಳ ನಿರ್ವಹಣೆ'. ಲಿಂಗದ ತಕರಾರೂ ಇಲ್ಲ.

——

ನರ್ಸ್, ಡೋಸ್, ವಾರ್ಡ್, ವೆಂಟಿಲೇಟರ್, ಲಿಫ್ಟ್. ಇಷ್ಟನ್ನೂ ಬಳಸಿ ಫಲಕಕ್ಕೆ ಮಾತ್ರ ಮಡಿಯುಡಿಸುವುದು ಯಾವ ನ್ಯಾಯ? ಜನರ ಬಾಯಲ್ಲಿರುವ 'ಮೇಟ್ರನ್' ಸಾಕು.

——

ಬಾಯಲ್ಲಿ ಇದ್ದದ್ದು ಹಿಂದೆ. ಬ್ರಿಟನ್ನಿನಲ್ಲೇ ಹಿರಿಯ ನರ್ಸಿಂಗ್ ಹುದ್ದೆಗಳ ಕುರಿತ 1966ರ ಸ್ಯಾಮನ್ ವರದಿಯ ನಂತರ ಆ ಹೆಸರನ್ನು ಮೂಲೆಗೆ ಸರಿಸಿದರು. 2000ದ ಬಳಿಕ ಮತ್ತೆ ಕರೆತಂದದ್ದು ಕೆಲವು ವಾರ್ಡುಗಳ ಉಸ್ತುವಾರಿಗೆ, ಇಡೀ ಆಸ್ಪತ್ರೆಗಲ್ಲ. ಎರವಲು ತರುವವರು ಅದರ ಈಗಿನ ಬೆಲೆಯನ್ನೂ ವಿಚಾರಿಸಿಕೊಂಡು ತರಬೇಕು. 'ನರ್ಸಿಂಗ್' ಎಂದು ಬರೆದರೆ ನನ್ನ ಆಕ್ಷೇಪವಿಲ್ಲ.

——

ನನ್ನದಿದೆ. ಇಂದು ನರ್ಸಿಂಗ್, ನಾಳೆ 'ಚಿಲ್ಡ್ರನ್ಸ್', ನಾಡಿದ್ದು ಫಲಕಕ್ಕೆ ಅನುವಾದಕರೇ ಬೇಡ.

——

ಎಲ್ಲರಿಗೂ ವಂದನೆ. 'ನಿರ್ದೇಶಕರು' ಮೇಲೆ, ಉಳಿದದ್ದು ಕೆಳಗೆ ಎಂದು ಕಳುಹಿಸುತ್ತಿದ್ದೇನೆ. ಕೊನೆಯದಾಗಿ, ಶುಶ್ರೂಷೆಯೋ ಶುಶ್ರೂಷಣೆಯೋ?

——

ಶುಶ್ರೂಷೆ. ಮೊದಲೆರಡು ಶ, ಮೂರನೆಯದು ಷ. ಫಲಕ ಬರೆಯುವವರಿಗೆ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ, ಫೋನಿನಲ್ಲಿ ಹೇಳಬೇಡಿ.