ಅಪ್‌ಡೇಟ್: ಗೋದಾಮಿನ ಜೋಡಣೆ ಬದಲಿಸಿದೆವು, ಗಾಡಿ ಬೇಗ ಹೊರಡುತ್ತಿದೆ

ಶಿರಸಿಯ ನಮ್ಮ ದಿನಸಿ ಗೋದಾಮಿನಲ್ಲಿ ಗಾಡಿ ತುಂಬೋಕೆ ಅರ್ಧ ದಿನ ಹಿಡಿಯುತ್ತದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ. ಈಗ ಬೆಳಗಿನ ಚಹಾ ಹೊತ್ತಿಗೇ ಗಾಡಿ ಹೊರಡುತ್ತಿದೆ!

ಕೈಹಿಡಿದದ್ದು ‘ಜಾಸ್ತಿ ಓಡುವ ಮಾಲು ಬಾಗಿಲ ಹತ್ತಿರ ಇಡಿ’ ಎಂಬ ಸಲಹೆ. ತೂಕ ನೋಡಬೇಡಿ, ಯಾವ ಸಾಮಾನು ಎಷ್ಟು ಬಿಲ್ಲಿನಲ್ಲಿ ಬರುತ್ತದೆ ಅಂತ ಎಣಿಸಿ. ಸಕ್ಕರೆ, ಎಣ್ಣೆ ಟಿನ್ ಮುಂದೆ ಬಂದವು. ಕಂಪನಿವಾರು ಜೋಡಿಸೋದು ನಮಗೆ ಆಗಿಬರಲಿಲ್ಲ, ಒಂದೇ ಆರ್ಡರಿಗೆ ಹುಡುಗರು ಗೋದಾಮಿಡೀ ಸುತ್ತಬೇಕಾಯ್ತು.

ನಮ್ಮ ಹಮಾಲರೊಬ್ಬರು ಇನ್ನೊಂದು ಹೇಳಿದರು: ಕೊನೆಯ ಅಂಗಡಿಯ ಮಾಲು ಮೊದಲು ಏರಿಸಿ. ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟಿದಾಗ ಮೊದಲ ಅಂಗಡಿಯ ಮೂಟೆ ಕೈಗೇ ಸಿಗುತ್ತದೆ.

ಓಡಾಡೋಕೆ ಅಂತ ಗೋಡೆ ಬದಿ ಒಂದು ಮೊಳ ಜಾಗ ಬಿಟ್ಟಿದ್ದೆವು. ಮಳೆಯ ಥಂಡಿಗೆ ಚೀಲದ ಬೆನ್ನು ಒದ್ದೆಯಾಗೋದೂ ನಿಂತಿತು!